ದಾಹದ ಅಳತೆ



 ಈ ವರ್ಷದ ದತ್ತಿ ಉಪನ್ಯಾಸದ ವಿಷಯದ ಆಯ್ಕೆಯನ್ನು ಈ ಸಂಸ್ಥೆ ನನಗೇ ಬಿಟ್ಟಿತ್ತು. ನಾನು ಆರಿಸಿಕೊಂಡದ್ದು ದಾಹ. ಹಸುಗೂಸಿನ ಅಳುವಿನಿಂದ ಹಿಡಿದು ಕೊನೆಗಾಲದಲ್ಲಿ ಬಾಯಿಗೆ ಬಿಡುವ ಗುಟುಕು ನೀರಿನವರೆಗೆ ಮನುಷ್ಯನ ಜೊತೆಗಿರುವ ಅನುಭವ ಇದು. ಧನದಾಹ, ಅಧಿಕಾರದಾಹ, ರಕ್ತದಾಹ, ಜ್ಞಾನದಾಹ ಎಂದು ನಾವು ದಿನವೂ ಆಡುತ್ತೇವೆ. ಒಂದು ಲೋಟ ನೀರಿಗಾಗಿ ಒಣಗಿದ ಗಂಟಲನ್ನೂ ಒಂದು ರಾಜ್ಯಕ್ಕಾಗಿ ಕುದಿಯುವ ಮನಸ್ಸನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತೇವೆ. ಇವೆರಡೂ ನಿಜವಾಗಿ ಒಂದೇ ಬಗೆಯವೇ? ಇದು ನನ್ನ ಪ್ರಶ್ನೆ.

ಈ ಪ್ರಶ್ನೆಯನ್ನು ನಾಲ್ಕು ಭಾಗಗಳಲ್ಲಿ ಪರಿಶೀಲಿಸುತ್ತೇನೆ. ಮೊದಲನೆಯದು ದೇಹದ ದಾಹ. ಎರಡನೆಯದು ಇನ್ನೊಬ್ಬರ ದಾಹವನ್ನು ಸಮಾಜ ನಡೆಸಿಕೊಂಡ ಬಗೆ. ಮೂರನೆಯದು ತಣಿಯದ ಆಸೆ. ನಾಲ್ಕನೆಯದು ಅರಿವಿನ ಹಂಬಲ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ದೇಹದ ದಾಹಕ್ಕೆ ಅಳತೆಯಿದೆ, ಅದಕ್ಕೆ ‘ಸಾಕು’ ಗೊತ್ತು. ಮನಸ್ಸಿನ ದಾಹಕ್ಕೆ ಆ ಅಳತೆಯನ್ನು ನಾವೇ ಕಲಿಸಬೇಕು. ಆದರೆ ಇನ್ನೊಬ್ಬರ ಬಾಯಾರಿಕೆಯ ಎದುರಿಗೆ ನಿಂತಾಗ ಅಳೆಯುತ್ತ ಕೂರಬಾರದು, ನೀರು ಕೊಡಬೇಕು.

ಈಗ ಮೊದಲನೆಯ ಭಾಗ. ವಯಸ್ಕ ಮನುಷ್ಯನ ತೂಕದಲ್ಲಿ ಸುಮಾರು ಶೇ. 60ರಷ್ಟು ನೀರೇ. ಆ ನೀರಿನಲ್ಲಿ ಲವಣಗಳು ಗೊತ್ತಾದ ಹದದಲ್ಲಿ ಕರಗಿರಬೇಕು. ಬಿಸಿಲಲ್ಲಿ ದುಡಿದು ಬೆವರಿದಾಗ ನೀರು ಕಳೆದು ರಕ್ತ ಗಾಢವಾಗುತ್ತದೆ. ಆ ಗಾಢತೆ ಶೇ. 1ರಿಂದ 2ರಷ್ಟು ಏರಿದರೂ ಸಾಕು, ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಮತ್ತು ಅದರ ಆಸುಪಾಸಿನ ಜೀವಕೋಶಗಳು ಅದನ್ನು ಕಂಡುಹಿಡಿಯುತ್ತವೆ. ಕೂಡಲೇ ಎರಡು ಕೆಲಸಗಳು ನಡೆಯುತ್ತವೆ. ವಾಸೊಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ, ನೀರನ್ನು ಹೊರಗೆ ಬಿಡದಂತೆ ಮೂತ್ರಪಿಂಡಗಳನ್ನು ತಡೆಯುತ್ತದೆ. ಜೊತೆಗೆ ನಮಗೆ ಬಾಯಾರಿಕೆಯಾಗುತ್ತದೆ. ಇದ್ದುದನ್ನು ಉಳಿಸಿಕೊಳ್ಳುವುದು ಒಂದು, ಹೊಸದನ್ನು ಕೇಳುವುದು ಇನ್ನೊಂದು. ದೇಹ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮೂರನೆಯ ಭಾಗದಲ್ಲಿ ಇದು ಮತ್ತೆ ಬೇಕಾಗುತ್ತದೆ.

ಬಾಯಿ ಒಣಗುವುದೇ ದಾಹ ಎಂದು ಬಹುಕಾಲ ವಿಜ್ಞಾನಿಗಳೂ ನಂಬಿದ್ದರು. 1918ರಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ದಾಹವನ್ನು ಕುರಿತ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ ಇದೇ ವಾದವನ್ನು ಮಂಡಿಸಿದರು. 1950ರ ದಶಕದಲ್ಲಿ ಸ್ವೀಡನ್ನಿನ ಬೆಂಗ್ಟ್ ಆಂಡರ್ಸನ್ ಮೇಕೆಗಳ ಹೈಪೊಥಲಾಮಸ್ಸಿಗೆ ಗಾಢವಾದ ಉಪ್ಪುನೀರನ್ನು ತೀರ ಅಲ್ಪ ಪ್ರಮಾಣದಲ್ಲಿ ಚುಚ್ಚಿ ನೋಡಿದರು. ದೇಹದಲ್ಲಿ ನೀರಿಗೇನೂ ಕೊರತೆಯಿಲ್ಲದ ಆ ಮೇಕೆಗಳು ಒಡನೆಯೇ ನೀರಿಗೆ ಬಾಯಿ ಹಾಕಿ ಒಂದೇ ಸಮನೆ ಕುಡಿಯತೊಡಗಿದವು. ದಾಹದ ನೆಲೆ ಗಂಟಲಲ್ಲ, ಮಿದುಳು ಎಂಬುದು ಅಲ್ಲಿಂದ ಸ್ಪಷ್ಟವಾಯಿತು.

ಇದಕ್ಕಿಂತ ಬೆರಗಿನ ಸಂಗತಿ ಇನ್ನೊಂದಿದೆ. ಕುಡಿದ ನೀರು ಕರುಳಿನಿಂದ ರಕ್ತಕ್ಕೆ ಸೇರಿ ಹದ ಸರಿಪಡಿಸಲು ಹತ್ತಾರು ನಿಮಿಷಗಳು ಬೇಕು. ಆದರೆ ನಮ್ಮ ಬಾಯಾರಿಕೆ ಅಷ್ಟು ಹೊತ್ತು ಕಾಯುವುದಿಲ್ಲ. ಕೆಲವೇ ನಿಮಿಷಗಳಲ್ಲಿ ತಣಿಯುತ್ತದೆ. ಬಾಯಿ, ಗಂಟಲು, ಕರುಳುಗಳು ಒಳಗೆ ಹೋದ ಗುಟುಕುಗಳ ಲೆಕ್ಕವನ್ನು ಮಿದುಳಿಗೆ ಮುಟ್ಟಿಸುತ್ತವೆ. ಬರಲಿರುವುದು ಎಷ್ಟೆಂದು ತಿಳಿದ ಮಿದುಳು ಕೊರತೆ ತುಂಬುವ ಮೊದಲೇ ಸಾಕು ಎನ್ನುತ್ತದೆ. ದೇಹದ ದಾಹದೊಳಗೆ ಹೀಗೆ ಒಂದು ನಂಬಿಕೆಯೂ ಒಂದು ಸಂಯಮವೂ ಹುಟ್ಟಿನಿಂದಲೇ ಅಡಗಿವೆ.

ಹಾಗೆಂದು ಈ ಏರ್ಪಾಡು ಎಲ್ಲರಲ್ಲೂ ಒಂದೇ ಸಮ ಕೆಲಸ ಮಾಡುವುದಿಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ನೀರಿನ ಕೊರತೆ ನಿಜವಾಗಿ ಇದ್ದರೂ ಮುದುಕರಿಗೆ ಕುಡಿಯಬೇಕೆನಿಸುವುದಿಲ್ಲ. ಬೇಸಗೆಯ ಬಿಸಿಗಾಳಿಗೆ ಹಿರಿಯರು ಹೆಚ್ಚಾಗಿ ತುತ್ತಾಗುವುದಕ್ಕೆ ಇದೂ ಒಂದು ಕಾರಣ. ಎಳೆಗೂಸಿಗೆ ದಾಹವಿದೆ, ಹೇಳಲು ಮಾತಿಲ್ಲ. ವಾಂತಿಭೇದಿಯಾದ ಮಗುವಿನ ಮೈಯಿಂದ ನೀರೂ ಉಪ್ಪೂ ಒಟ್ಟಿಗೆ ಸೋರಿಹೋಗುತ್ತವೆ. 1971ರಲ್ಲಿ ಬಾಂಗ್ಲಾ ಯುದ್ಧದಿಂದ ಓಡಿಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾಕ್ಕೆ ಸಿಕ್ಕಿದ್ದರು. ರಕ್ತನಾಳಕ್ಕೆ ಏರಿಸುವ ದ್ರವ ಮುಗಿಯುತ್ತ ಬಂದಿತ್ತು. ಆಗ ಡಾ. ದಿಲೀಪ್ ಮಹಲನೊಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ಅದನ್ನು ಕುಡಿಸುವುದನ್ನು ರೋಗಿಗಳ ಮನೆಯವರಿಗೇ ಹೇಳಿಕೊಟ್ಟರು. ಶೇ. 30ರ ಸುಮಾರಿಗೆ ಇದ್ದ ಸಾವಿನ ಪ್ರಮಾಣ ಶೇ. 3.6ಕ್ಕೆ ಇಳಿಯಿತು. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಸೇರುತ್ತವೆ, ನೀರು ಅವುಗಳ ಬೆನ್ನಿಗೆ ಹೋಗುತ್ತದೆ. ಇಂದು ಪ್ರತಿ ಔಷಧಿ ಅಂಗಡಿಯಲ್ಲೂ ಸಿಗುವ ಓಆರ್‌ಎಸ್ ಪೊಟ್ಟಣದ ಗುಟ್ಟು ಇಷ್ಟೇ. ಅದನ್ನು ಚಮಚ ಚಮಚವಾಗಿ ಕುಡಿಸಿದವರು ತಾಯಂದಿರು, ಅಕ್ಕಂದಿರು. ತನ್ನ ದಾಹವನ್ನು ತಾನೇ ಹೇಳಿಕೊಳ್ಳಲಾರದವರ ಪರವಾಗಿ ಇನ್ನೊಬ್ಬರು ಎಚ್ಚರವಾಗಿರಬೇಕು ಎಂಬುದನ್ನು ವೈದ್ಯಶಾಸ್ತ್ರವೇ ನಮಗೆ ಕಲಿಸುತ್ತದೆ.

ಈ ಮಾತೇ ನನ್ನನ್ನು ಎರಡನೆಯ ಭಾಗಕ್ಕೆ ಕರೆದೊಯ್ಯುತ್ತದೆ. ಇನ್ನೊಬ್ಬರ ದಾಹದ ಬಗ್ಗೆ ಸಮಾಜವಾಗಿ ನಾವು ಎಷ್ಟು ಎಚ್ಚರವಾಗಿದ್ದೇವೆ?

ನಮ್ಮಲ್ಲಿ ಹೆಮ್ಮೆಪಡುವಂಥ ಪರಂಪರೆಯೊಂದಿದೆ. ಮನೆಗೆ ಬಂದವರ ಕೈಗೆ ಮೊದಲು ಬೆಲ್ಲ-ನೀರು ಕೊಟ್ಟು ಆಮೇಲೆ ಬಂದ ಕಾರಣ ಕೇಳುವುದು ನಮ್ಮ ಹಳ್ಳಿಗಳ ರೂಢಿ. ಬೇಸಗೆ ಕಾಲಿಟ್ಟರೆ ಹಾದಿಬದಿಯಲ್ಲಿ ಅರವಟ್ಟಿಗೆಗಳು ಏಳುತ್ತವೆ, ರಾಮನವಮಿಗೆ ಪಾನಕ, ನೀರುಮಜ್ಜಿಗೆ ಹಂಚುತ್ತಾರೆ. ಕೆರೆ ಕಟ್ಟಿಸಿದವರನ್ನೂ ಅದನ್ನು ನೋಡಿಕೊಳ್ಳಲು ಭೂಮಿ ಬಿಟ್ಟವರನ್ನೂ ನಮ್ಮ ಶಾಸನಗಳು ನೂರಾರು ಕಡೆ ನೆನೆಯುತ್ತವೆ. ವಿಜಯನಗರದ ಒಂದನೆಯ ದೇವರಾಯನ ಮಂತ್ರಿ ಲಕ್ಷ್ಮೀಧರನ ಶಾಸನದಲ್ಲಂತೂ, ಕೆರೆ ಬಾವಿಗಳನ್ನು ಮಾಡಿಸುವ ಹೊಣೆಯನ್ನು ತಾಯಿ ಮಗುವಿಗೆ ಹಾಲೂಡುವಾಗಲೇ ಕಿವಿಯಲ್ಲಿ ಹೇಳುತ್ತಾಳೆ. ವಿಜಯಪುರದ ಆದಿಲ್‌ಶಾಹಿಗಳು ತಾಜ್ ಬಾವಡಿ, ಚಾಂದ್ ಬಾವಡಿ, ಬೇಗಂ ತಲಾಬ್‌ಗಳನ್ನು ಕಟ್ಟಿಸಿ ಆ ಒಣನಾಡಿನ ರಾಜಧಾನಿಗೆ ನೀರುಣಿಸಿದರು.

ಆದರೆ ಈ ಪರಂಪರೆಯ ಇನ್ನೊಂದು ಮುಖವನ್ನು ಮರೆಮಾಚಿದರೆ ನಾವು ಸತ್ಯಕ್ಕೆ ಅಪಚಾರ ಮಾಡಿದಂತೆ. ‘ಕೆರೆಗೆ ಹಾರ’ದ ಕಥೆ ತಮಗೆಲ್ಲ ಗೊತ್ತು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ, ಊರಿನ ದಾಹ ತಣಿಯಲು ಕಿರಿಸೊಸೆ ಭಾಗೀರಥಿ ಬಲಿಯಾಗುತ್ತಾಳೆ. ಗೌಡನೇ ಯಾಕೆ ಇಳಿಯಲಿಲ್ಲ ಎಂಬ ಪ್ರಶ್ನೆಯನ್ನು ಆ ಲಾವಣಿ ಕೇಳುಗರ ಎದೆಗೇ ಬಿಡುತ್ತದೆ. ಊರಿಗೆಲ್ಲ ನೀರು ಬೇಕು, ಅದರ ಬೆಲೆ ತೆರುವವಳು ಮಾತ್ರ ಒಬ್ಬಳು. ಇಂದಿಗೂ ದೂರದಿಂದ ಕೊಡ ಹೊರುವವರು ಬಹುಪಾಲು ಹೆಂಗಸರು, ಹೆಣ್ಣುಮಕ್ಕಳು. ಶೌಚಾಲಯ ಸರಿಯಿಲ್ಲದ ಶಾಲೆಯಲ್ಲಿ ಓದುವ ಹುಡುಗಿ, ಕಟ್ಟಡದ ಕೆಲಸಕ್ಕೆ ಹೋಗುವ ಹೆಂಗಸು, ಬೀದಿಬದಿಯಲ್ಲಿ ಹೂ ಮಾರುವವಳು ಬೆಳಗಿನಿಂದ ಸಂಜೆಯವರೆಗೆ ಬೇಕೆಂದೇ ನೀರು ಕುಡಿಯುವುದಿಲ್ಲ. ನೀರು ಕೈಗೆಟುಕುವಲ್ಲಿದ್ದರೂ ದಾಹವನ್ನು ನುಂಗಿಕೊಳ್ಳುವ ಈ ಸ್ಥಿತಿ ನಮ್ಮ ಯಾವ ಬರಗಾಲದ ಲೆಕ್ಕಕ್ಕೂ ಸೇರುವುದಿಲ್ಲ.

ಜಾತಿ ಈ ಕಥೆಯನ್ನು ಇನ್ನಷ್ಟು ಕ್ರೂರವಾಗಿಸಿತು. ಮಹಾಭಾರತದ ಅಶ್ವಮೇಧಿಕ ಪರ್ವದಲ್ಲಿ ತಪಸ್ವಿ ಉತ್ತಂಕನ ಪ್ರಸಂಗ ಬರುತ್ತದೆ. ನೀರು ಬೇಕಾದಾಗ ನನ್ನನ್ನು ನೆನೆ ಎಂದು ಕೃಷ್ಣ ಅವನಿಗೆ ವರ ಕೊಟ್ಟಿರುತ್ತಾನೆ. ಮರುಭೂಮಿಯಲ್ಲಿ ಬಾಯಾರಿ ಬಳಲಿದ ಉತ್ತಂಕ ಕೃಷ್ಣನನ್ನು ನೆನೆದಾಗ, ನಾಯಿಗಳನ್ನು ಕಟ್ಟಿಕೊಂಡು ಮೈಯೆಲ್ಲ ಕೊಳೆಯಾದ ಮಾತಂಗನೊಬ್ಬ ಎದುರಾಗಿ ನೀರು ಕುಡಿಯೆಂದು ಮತ್ತೆ ಮತ್ತೆ ಕರೆಯುತ್ತಾನೆ. ಉತ್ತಂಕ ಸಿಟ್ಟಾಗಿ ಒಲ್ಲೆನೆನ್ನುತ್ತಾನೆ. ಬಂದವನು ಇಂದ್ರ, ತಂದದ್ದು ಅಮೃತ ಎಂಬುದು ಅವನಿಗೆ ಆಮೇಲೆ ಕೃಷ್ಣನಿಂದ ತಿಳಿಯುತ್ತದೆ. ಅಷ್ಟು ದೊಡ್ಡ ತಪಸ್ವಿ, ಅಂಥ ದಾಹ. ಆದರೂ ಕೊಡುವ ಕೈ ಯಾರದೆಂದು ನೋಡಿದ. ತಪಸ್ಸು ಸುಡಲಾಗದೆ ಉಳಿಸಿದ್ದ ಮೇಲುಕೀಳಿನ ಭಾವವನ್ನು ಬಾಯಾರಿಕೆ ಬಯಲಿಗೆಳೆಯಿತು.

ಪುರಾಣದಲ್ಲಿ ಕುಡಿಯಲೊಲ್ಲದವನ ಕಥೆಯಿದ್ದರೆ, ಚರಿತ್ರೆಯಲ್ಲಿ ಕುಡಿಯಗೊಡದವರ ಕಥೆಯಿದೆ. 1901ರಲ್ಲಿ ಬಾಲಕ ಭೀಮರಾವ್ ಅಂಬೇಡ್ಕರ್ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ತಂದೆಯನ್ನು ಕಾಣಲು ಹೊರಟಿದ್ದರು. ಮಸೂರ್ ರೈಲುನಿಲ್ದಾಣದಲ್ಲಿ ಇಳಿದು ಗಾಡಿಯಲ್ಲಿ ರಾತ್ರಿ ಸಾಗಿದ ಆ ಮಕ್ಕಳ ಬಳಿ ಬುತ್ತಿ ತುಂಬ ಊಟವಿತ್ತು. ಕುಡಿಯುವ ನೀರು ಕೊಡುವವರಿಲ್ಲದ್ದರಿಂದ ಉಣ್ಣಲಾಗದೆ ಹಸಿದೇ ಮಲಗಿದರು. ಈ ನೆನಪನ್ನು ಅವರು ತಮ್ಮ ಆತ್ಮಕಥನದ ಬರಹದಲ್ಲಿ ದಾಖಲಿಸಿದ್ದಾರೆ. ಮುಂದೆ, 1923ರಲ್ಲಿ ಮುಂಬಯಿ ಶಾಸನಸಭೆ ಎಸ್. ಕೆ. ಬೋಲೆಯವರ ನಿರ್ಣಯವನ್ನು ಒಪ್ಪಿ ಸಾರ್ವಜನಿಕ ನೀರಿನ ತಾಣಗಳನ್ನು ಎಲ್ಲರಿಗೂ ತೆರೆಯಬೇಕೆಂದಿತು; ಮಹಾಡದ ಪುರಸಭೆಯೂ ಮರುವರ್ಷ ತನ್ನ ಚೌದಾರ್ ಕೆರೆಯ ಮಟ್ಟಿಗೆ ಅದನ್ನು ಒಪ್ಪಿತು. ಕಾಗದದ ಮೇಲೆ ಹಕ್ಕು ಬಂದರೂ ನೀರು ಸಿಗಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮೆರವಣಿಗೆಯಲ್ಲಿ ಹೋಗಿ ಆ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿದರು. ಅವರ ಮೇಲೆ ಹಲ್ಲೆ ನಡೆಯಿತು. ಪಂಚಗವ್ಯ ಸುರಿದು ಕೆರೆಯನ್ನು ‘ಶುದ್ಧ’ ಮಾಡಲಾಯಿತು. ನ್ಯಾಯಾಲಯದ ಹೋರಾಟ ಮುಗಿದು ಹೈಕೋರ್ಟಿನ ತೀರ್ಪು ಬಂದದ್ದು 1937ರಲ್ಲಿ. ಒಂದು ಬೊಗಸೆ ನೀರಿನ ಹಕ್ಕು ಸಾಬೀತಾಗಲು ಹತ್ತು ವರ್ಷ ಹಿಡಿಯಿತು. ಮಹಾಡದಲ್ಲಿ ತಣಿಯಬೇಕಾಗಿದ್ದದ್ದು ಗಂಟಲಷ್ಟೇ ಅಲ್ಲ, ಮನುಷ್ಯನೆನಿಸಿಕೊಳ್ಳುವ ಹಂಬಲ. ದೇಹದ ದಾಹವೂ ಘನತೆಯ ದಾಹವೂ ಒಂದೇ ಬೊಗಸೆಯಲ್ಲಿ ಸೇರಿದ ಗಳಿಗೆ ಅದು.

ಇನ್ನು ಮೂರನೆಯ ಭಾಗಕ್ಕೆ ಬರೋಣ: ತಣಿಯದ ಆಸೆ. ಬುದ್ಧ ದುಃಖದ ಮೂಲವನ್ನು ತೃಷ್ಣೆಯಲ್ಲಿ ಕಂಡ. ಇಂದ್ರಿಯಸುಖದ ತೃಷ್ಣೆ, ಇರಬೇಕೆಂಬ ತೃಷ್ಣೆ, ಇಲ್ಲವಾಗಬೇಕೆಂಬ ತೃಷ್ಣೆ ಎಂದು ಅದನ್ನು ಮೂರಾಗಿ ವಿಂಗಡಿಸಿದ. ಇದರಿಂದ ಬೌದ್ಧಧರ್ಮ ಎಲ್ಲ ಬಯಕೆಗೂ ಶತ್ರು ಎಂದು ಕೆಲವರು ತಿಳಿಯುತ್ತಾರೆ. ಆದರೆ ಬುದ್ಧನ ಕೊನೆಯ ದಿನಗಳನ್ನು ಹೇಳುವ ಮಹಾಪರಿನಿಬ್ಬಾಣ ಸುತ್ತದಲ್ಲಿ ಒಂದು ಪ್ರಸಂಗವಿದೆ. ಕುಶಿನಗರದ ದಾರಿಯಲ್ಲಿ ಬಳಲಿದ ಬುದ್ಧ ಮರದಡಿ ಕುಳಿತು, ಬಾಯಾರಿದೆ, ನೀರು ತಾ ಎಂದು ಆನಂದನನ್ನು ಕೇಳುತ್ತಾನೆ. ಈಗಷ್ಟೇ 500 ಗಾಡಿಗಳು ಹಾದುಹೋಗಿ ಹೊಳೆ ಕದಡಿದೆ ಎನ್ನುತ್ತಾನೆ ಆನಂದ. ಬುದ್ಧ ಮೂರನೆಯ ಸಲ ಕೇಳಿದಾಗ ಹೋಗಿ ನೋಡುತ್ತಾನೆ, ನೀರು ತಿಳಿಯಾಗಿದೆ. ತೃಷ್ಣೆಯನ್ನು ಗೆದ್ದವನಿಗೂ ಬಾಯಾರಿತು, ಆತ ಸಂಕೋಚವಿಲ್ಲದೆ ಕೇಳಿ ಕುಡಿದ. ದೇಹದ ದಾಹ ದೋಷವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ದೋಷವಿರುವುದು ತೀರಿಸಿದಷ್ಟೂ ಬೆಳೆಯುವ ಬಯಕೆಯಲ್ಲಿ.

ಮಗನ ಯೌವನವನ್ನೇ ಕೇಳಿ ಪಡೆದ ಯಯಾತಿ ಸಾವಿರ ವರ್ಷ ಭೋಗಿಸಿದ ಮೇಲೆ ಕಂಡುಕೊಂಡದ್ದೂ ಇದನ್ನೇ. ಈ ಬಯಕೆಯ ಸ್ವಭಾವವನ್ನು ತಿಳಿಯಲು ಸಮುದ್ರದ ನೀರನ್ನು ನೋಡಬಹುದು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅಷ್ಟು ಗಾಢವಾದ ಮೂತ್ರವನ್ನು ಮನುಷ್ಯನ ಮೂತ್ರಪಿಂಡ ತಯಾರಿಸಲಾರದು. ಆದ್ದರಿಂದ ಕಡಲ ನೀರು ಕುಡಿದವನು ಆ ಉಪ್ಪನ್ನು ಹೊರಹಾಕಲು ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಕಳೆದುಕೊಳ್ಳುತ್ತಾನೆ. ಪ್ರತಿ ಗುಟುಕೂ ಅವನನ್ನು ಇನ್ನಷ್ಟು ಒಣಗಿಸುತ್ತದೆ. ಧನದಾಹ, ಅಧಿಕಾರದಾಹಗಳು ನಡೆಯುವುದು ಇದೇ ರೀತಿಯಲ್ಲಿ.

ಇದು ಕೇವಲ ನೀತಿಬೋಧೆಯೆಂದು ತಾವು ತಿಳಿಯಬಾರದು. ನಮ್ಮ ನೆಲದ ಮೇಲೆ ಇದರ ಗುರುತುಗಳಿವೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅಲ್ಲಿನ ಹಿಂದಿನವರು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸಾಲುಕೆರೆಗಳನ್ನು ಕಟ್ಟಿ, ಮಳೆನೀರನ್ನು ಹಿಡಿದಿಟ್ಟು ಬಾಳಿದರು. ಕೊಳವೆಬಾವಿ ಬಂದಮೇಲೆ ಕೆರೆಯ ಹೂಳೆತ್ತುವವರು ಕಡಿಮೆಯಾದರು, ರಾಜಕಾಲುವೆಗಳು ಮುಚ್ಚಿದವು. ಒಬ್ಬರು 300 ಅಡಿ ಕೊರೆಸಿದರೆ ಪಕ್ಕದವರು 500 ಅಡಿ ಕೊರೆಸಿದರು. ಇಂದು 1,000 ಅಡಿ ದಾಟಿ ಕೊರೆದರೂ ಎಷ್ಟೋ ಕಡೆ ಬರಿಯ ಧೂಳೇಳುತ್ತದೆ. ಆಳದ ಗ್ರಾನೈಟ್ ಬಂಡೆಯ ನಡುವಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಏರಿದರೆ ದೊಡ್ಡವರ ಮೂಳೆ, ಕೀಲು ಬಿಗಿಯುತ್ತವೆ. ಇತ್ತ ಬೆಂಗಳೂರು ತನ್ನ ಕೆರೆಗಳನ್ನು ಬಡಾವಣೆಗಳಿಗೆ ಬಿಟ್ಟುಕೊಟ್ಟು, 1974ರಿಂದ ಸುಮಾರು 100 ಕಿ.ಮೀ. ದೂರದ ಕಾವೇರಿಯನ್ನು ಮೇಲೆತ್ತಿ ತರಿಸಿಕೊಳ್ಳುತ್ತಿದೆ. ಆದರೂ 2024ರ ಬೇಸಗೆಯಲ್ಲಿ ಟ್ಯಾಂಕರಿಗಾಗಿ ಜನ ಕಾದು ನಿಂತದ್ದನ್ನು ನಾವೆಲ್ಲ ಕಂಡೆವು. ಆ ನಗರ ಬಳಸಿ ಬಿಟ್ಟ ನೀರನ್ನೇ ಎರಡು ಹಂತಗಳಲ್ಲಿ ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ ಕೆರೆಗಳಲ್ಲಿ ನೀರು ಕಂಡ ರೈತರ ಸಂತೋಷವೂ ನಿಜ, ಶುದ್ಧೀಕರಣ ಇನ್ನೊಂದು ಹಂತಕ್ಕೆ ಹೋಗಬೇಕೆಂಬ ಆಗ್ರಹವೂ ನ್ಯಾಯವೇ.

ಮೊದಲ ಭಾಗದಲ್ಲಿ ನೆನಪಿಡಿ ಎಂದ ಮಾತನ್ನು ಇಲ್ಲಿ ಜೋಡಿಸುತ್ತೇನೆ. ದೇಹ ಹೊಸ ನೀರನ್ನು ಕೇಳುವಾಗ ಇರುವ ನೀರನ್ನು ಬಿಗಿಹಿಡಿಯುತ್ತದೆ. ನಾವು ಕೇಳುವುದನ್ನು ಮಾತ್ರ ಕಲಿತೆವು, ಹಿಡಿದಿಡುವುದನ್ನು ಬಿಟ್ಟೆವು. ಕೊಳವೆಬಾವಿ ಕೊರೆಸಿದ ರೈತನ ಸಂಕಟವನ್ನು ನಾನು ದುರಾಸೆ ಎನ್ನಲಾರೆ. ಅವನ ಬೆಳೆ ಒಣಗುತ್ತಿತ್ತು, ಸಾಲ ತಲೆಯ ಮೇಲಿತ್ತು. ಒಬ್ಬೊಬ್ಬರ ನಿಜವಾದ ದಾಹವೂ ಊರಿನ ಒಪ್ಪಂದವಿಲ್ಲದೆ ಸ್ಪರ್ಧೆಯಾದಾಗ, ಎಲ್ಲರದೂ ಸೇರಿ ತಣಿಯದ ತೃಷ್ಣೆಯಾಗುತ್ತದೆ. ಅಳತೆಯನ್ನು ಊರು ಕೂಡಿ ಇಟ್ಟುಕೊಳ್ಳಬೇಕು ಎಂದು ನಾನು ಹೇಳುವುದು ಇದಕ್ಕಾಗಿ.

ಕೊನೆಯದಾಗಿ ಅರಿವಿನ ದಾಹ. ವಿದ್ಯಾರ್ಥಿಗಳು ತುಂಬಿರುವ ಈ ಸಭೆಯಲ್ಲಿ ಇದನ್ನು ಬಿಟ್ಟು ಮುಗಿಸುವಂತಿಲ್ಲ. ಏಳನೆಯ ಶತಮಾನದಲ್ಲಿ ಚೀನಾದ ಯುವ ಭಿಕ್ಷು ಹ್ಯೂಯೆನ್‌ತ್ಸಾಂಗ್ ಬೌದ್ಧಗ್ರಂಥಗಳ ಮೂಲವನ್ನು ಅರಸಿ ಒಬ್ಬಂಟಿಯಾಗಿ ಗೋಬಿ ಮರುಭೂಮಿಗೆ ಕಾಲಿಟ್ಟ. ದಾರಿಯಲ್ಲಿ ನೀರಿನ ಚೀಲ ಕೈಜಾರಿ ಚೆಲ್ಲಿಹೋಯಿತು. ಸ್ವಲ್ಪ ದೂರ ಹಿಂದಕ್ಕೆ ಹೊರಟವನು, ಭಾರತ ಮುಟ್ಟದೆ ಪೂರ್ವಕ್ಕೆ ಹೆಜ್ಜೆಯಿಡೆನೆಂಬ ತನ್ನ ಪ್ರತಿಜ್ಞೆ ನೆನಪಾಗಿ ಮತ್ತೆ ಪಶ್ಚಿಮಕ್ಕೆ ತಿರುಗಿದ. ನಾಲ್ಕು ರಾತ್ರಿ ಐದು ಹಗಲು ಒಂದು ಹನಿ ನೀರಿಲ್ಲದೆ ಸಾಗಿ ಕುಸಿದುಬಿದ್ದ. ಕೊನೆಗೆ ಅವನ ಮುದಿ ಕುದುರೆ ಹುಲ್ಲೂ ನೀರೂ ಇರುವ ಕಡೆಗೆ ಎಳೆದೊಯ್ದು ಉಳಿಸಿತು ಎಂದು ಅವನ ಶಿಷ್ಯ ಬರೆದ ಚರಿತ್ರೆ ಹೇಳುತ್ತದೆ. ಆತ ನಾಲಂದದಲ್ಲಿ ಶೀಲಭದ್ರನ ಬಳಿ ಕಲಿತ, ದಕ್ಷಿಣಕ್ಕೂ ಬಂದು ನಮ್ಮ ಇಮ್ಮಡಿ ಪುಲಕೇಶಿಯ ಆಳ್ವಿಕೆಯನ್ನು ಬಣ್ಣಿಸಿದ. 645ರಲ್ಲಿ 657 ಗ್ರಂಥಗಳೊಂದಿಗೆ ಚೀನಾಕ್ಕೆ ಮರಳಿದ.

ಗಂಟಲಿನ ದಾಹವನ್ನು ಅರಿವಿನ ದಾಹ ಮೀರಿದ ಈ ಸಾಹಸವನ್ನು ನಾವು ಕೊಂಡಾಡುತ್ತೇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನ ಅವನ ಬದುಕು. ಮರಳಿದಂದಿನಿಂದ 664ರಲ್ಲಿ ತೀರಿಕೊಳ್ಳುವವರೆಗೆ ಸುಮಾರು 19 ವರ್ಷ, ತಂದ ಗ್ರಂಥಗಳನ್ನು ತನ್ನ ಜನರ ಭಾಷೆಗೆ ತರುವುದರಲ್ಲಿ ಕಳೆದ. ಅರಿವಿನ ದಾಹವೂ ಅಳತೆಯಿಲ್ಲದ್ದೇ, ಕಲಿತಷ್ಟೂ ಕಲಿಯಬೇಕೆನಿಸುತ್ತದೆ. ಹಾಗಿದ್ದರೆ ಧನದಾಹಕ್ಕೂ ಇದಕ್ಕೂ ಏನು ವ್ಯತ್ಯಾಸ? ಧನದಾಹಿ ಕೂಡಿಸಿದಷ್ಟೂ ಇನ್ನೊಬ್ಬರ ಪಾಲು ಕಡಿಮೆಯಾಗುತ್ತದೆ. ಅರಿತವನು ಹಂಚಿದಷ್ಟೂ ಇನ್ನೊಬ್ಬರ ದಾಹ ತಣಿಯುತ್ತದೆ, ಅವನದು ಕುಂದುವುದಿಲ್ಲ. ಹಂಚದೆ ಉಳಿದ ವಿದ್ಯೆ ಮಾತ್ರ ಧನದಾಹದ ಸಾಲಿಗೇ ಸೇರುತ್ತದೆ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು, ಅದನ್ನು ನಮ್ಮ ಶರಣರು ಕೊಟ್ಟಿದ್ದಾರೆ. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ ನೂರಾರು ಜನರನ್ನು ಕೂಡಿಸಿ ಕೆರೆ ತೋಡಿಸುತ್ತಿದ್ದ. ಅಲ್ಲಿಗೆ ಬಂದ ಅಲ್ಲಮಪ್ರಭು ಅವನನ್ನು ಒಡ್ಡನೆಂದು ಕರೆದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅಲ್ಲಮ ಕೆರೆಯನ್ನು ಬೇಡವೆನ್ನಲಿಲ್ಲ ಎಂದೇ ನಾನು ಅದನ್ನು ಓದುತ್ತೇನೆ. ನಾನು ತೋಡಿಸಿದೆ, ನಾನು ಕೊಟ್ಟೆ ಎಂಬ ಭಾವದಲ್ಲಿ ಅಡಗಿರುವ ಕೀರ್ತಿಯ ದಾಹವನ್ನು ಅವನು ತೋರಿಸಿಕೊಟ್ಟ. ಸಿದ್ಧರಾಮನ ದೊಡ್ಡತನವೆಂದರೆ ಅವನು ಆ ಮಾತನ್ನು ಕೇಳಿಸಿಕೊಂಡು ಅಲ್ಲಮನ ಜೊತೆ ಕಲ್ಯಾಣಕ್ಕೆ ನಡೆದ. ಅವನ ಕೆರೆ ಸೊಲ್ಲಾಪುರದಲ್ಲಿ ಇಂದಿಗೂ ಇದೆ. ನೀರು ಕೊಡುವುದು ಧರ್ಮ, ಕೊಟ್ಟವನೆಂಬ ಹೆಸರಿಗೆ ಬಾಯಾರದಿರುವುದು ಅದಕ್ಕಿಂತ ಕಷ್ಟದ ಧರ್ಮ.

ಇಷ್ಟನ್ನು ಹೇಳಿ ನನ್ನ ಮಾತುಗಳನ್ನು ಕ್ರೋಡೀಕರಿಸುತ್ತೇನೆ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು: ದಾಹಗಳೆಲ್ಲ ಒಂದೇ ಬಗೆಯವಲ್ಲ. ದೇಹದ ದಾಹ ಹಕ್ಕು. ಅದನ್ನು ಕೇಳಲು ಯಾರೂ ನಾಚಬೇಕಾಗಿಲ್ಲ, ಕೊಡಲು ಯಾರೂ ಜಾತಿ, ಲಿಂಗ, ಜೇಬು ನೋಡಬೇಕಾಗಿಲ್ಲ. ಶುದ್ಧವಾದ ಕುಡಿಯುವ ನೀರು ಮಾನವ ಹಕ್ಕೆಂದು 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿಕೊಂಡಿತು. ಮಹಾಡದ ಜನ ಅದನ್ನು 83 ವರ್ಷ ಮೊದಲೇ ಸಾರಿದ್ದರು. ಭೋಗದ ದಾಹಕ್ಕೆ ಎಲ್ಲೆ ಬೇಕು, ಆ ಎಲ್ಲೆಯನ್ನು ಊರು, ನಗರ, ಸರ್ಕಾರಗಳು ಕೂಡಿ ಹಾಕಿಕೊಳ್ಳಬೇಕು. ಅರಿವಿನ ದಾಹಕ್ಕೆ ಎಲ್ಲೆ ಬೇಡ, ಹಂಚುವ ಹೊಣೆ ಬೇಕು.

ಈ ಸಂಸ್ಥೆಗೂ ಇಲ್ಲಿನ ಯುವಜನರಿಗೂ ನನ್ನದೊಂದು ವಿನಂತಿ. ದಾರಿಹೋಕರು ಒಳಬಂದು ಕುಡಿಯಬಹುದಾದ ಒಂದು ನಲ್ಲಿ ನಿಮ್ಮ ಬಾಗಿಲಲ್ಲಿರಲಿ. ಹೆಣ್ಣುಮಕ್ಕಳು ಧೈರ್ಯವಾಗಿ ನೀರು ಕುಡಿಯುವಂಥ ಶೌಚಾಲಯ ಪ್ರತಿ ಶಾಲೆಯಲ್ಲಿ, ಪ್ರತಿ ಕೆಲಸದ ಜಾಗದಲ್ಲಿ ಇರುವಂತೆ ಒತ್ತಾಯಿಸಿ. ಬೇಸಗೆಯಲ್ಲಿ ಮನೆಯ ಹಿರಿಯರನ್ನು ಬಾಯಾರಿತೇ ಎಂದು ಕೇಳುತ್ತ ಕೂರದೆ ಲೋಟ ತುಂಬಿ ಕೈಗೆ ಕೊಡಿ. ನಿಮ್ಮ ಊರಿನ ಕೆರೆಯ ಕಾಲುವೆ ಎಲ್ಲಿಂದ ಎಲ್ಲಿಗೆ ಹರಿಯುತ್ತಿತ್ತೆಂದು ಹಿರಿಯರನ್ನು ಕೇಳಿ ತಿಳಿದು, ಉಳಿದಿರುವುದನ್ನು ಉಳಿಸಿಕೊಳ್ಳಿ. ದತ್ತಿ ಎಂಬುದು ಕೊಟ್ಟವರು ಕೊಟ್ಟು ಹಿಂದೆ ಸರಿಯುವ ಏರ್ಪಾಡು. ಅದನ್ನು ನಡೆಸುವ ಕೆಲಸ ಪಡೆದವರದು. ನಮ್ಮ ಹಿಂದಿನವರು ಬಿಟ್ಟುಹೋದ ಕೆರೆ, ಬಾವಿ, ಅರವಟ್ಟಿಗೆ, ಗ್ರಂಥಗಳೆಲ್ಲ ಅಂಥ ದತ್ತಿಗಳೇ. ಅವುಗಳನ್ನು ನಮ್ಮ ನಂತರದವರಿಗೆ ತುಂಬಿಕೊಡುವ ಕೆಲಸದಲ್ಲಿ ತಾವೆಲ್ಲ ಕೈಜೋಡಿಸಬೇಕೆಂದು ಪ್ರಾರ್ಥಿಸುತ್ತೇನೆ.